ದರ್ಜಿ ಕೊಂಡ ಗುಡ್ಡ

ಕ್ಯಾಂಪು, ಮಾರ್ಚ್ 4

ಅಪ್ಪಾ, ಅಮ್ಮಾ,

ಬಂದು ಸೇರಿದ್ದೇನೆ. ಕೈಕಾಲು, ಪೆಟ್ಟಿಗೆ, ಬುದ್ಧಿ ಮೂರೂ ಜೋಪಾನವಾಗಿವೆ. ಅಮ್ಮ ಮೊದಲೆರಡನ್ನು ನಂಬಿದರೆ ಸಾಕು.

ನನ್ನ ಕೋಣೆ ತಗಡಿನದು. ಒಂದು ಮಂಚ, ಒಂದು ಮೇಜು, ಗೋಡೆಗೆ ಎರಡು ಮೊಳೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ. ಹೋದ ವರ್ಷ ಯಾವುದೋ ದೊಡ್ಡ ಕಂಪನಿಗೆ ಕಲ್ಲಿದ್ದಲು ಸಿಕ್ಕಿತು ಎಂದು ಪತ್ರಿಕೆಯಲ್ಲೆಲ್ಲ ಬಂತಲ್ಲ, ಅದೇ ಗುಡ್ಡ. ಆ ಸುದ್ದಿ ಬಂದದ್ದೇ ತಡ, ಸುತ್ತಲಿನ ನೆಲಕ್ಕೆಲ್ಲ ಸಣ್ಣ ಸಣ್ಣ ಕಂಪನಿಗಳು ಬಂದು ಬೋರ್ಡು ನೆಟ್ಟಿವೆ. ನಾನು ಸೇರಿರುವುದೂ ಅಂಥದ್ದೇ ಒಂದು. ಬೆಲ್ಲ ಇದ್ದಲ್ಲಿ ಇರುವೆ ಅನ್ನು.

ಕೆಲಸ ಇಷ್ಟು: ಯಂತ್ರ ನೆಲ ಕೊರೆದು ಉದ್ದುದ್ದ ಕಲ್ಲಿನ ಕೋಲುಗಳನ್ನು ಮೇಲೆ ತರುತ್ತದೆ. ಅವನ್ನು ತೊಳೆದು, ಬಂದ ಕ್ರಮದಲ್ಲೇ ತಟ್ಟೆಗಳಲ್ಲಿ ಜೋಡಿಸಿ, ಯಾವ ಆಳದಲ್ಲಿ ಏನಿದೆ ಎಂದು ನೋಡುವವಳು ನಾನು. ಏನಿದೆ ಎಂದು ಮಾತ್ರ ಕೇಳಬೇಡಿ. ಕಂಪನಿ ತಾನಾಗಿ ಎಲ್ಲರಿಗೂ ಸಾರುವವರೆಗೆ ಹೊರಗೆ ಒಂದು ಮಾತೂ ಆಡುವುದಿಲ್ಲ ಎಂದು ನಮ್ಮಿಂದ ಮಾತು ತೆಗೆದುಕೊಂಡು ಸಹಿ ಹಾಕಿಸಿಕೊಂಡಿದ್ದಾರೆ. ಫೋನಿಗೆ ಇಲ್ಲಿ ಸಿಗ್ನಲ್ಲೇ ಇಲ್ಲ. ವಾರಕ್ಕೊಮ್ಮೆ ದಿನಸಿ ತರುವ ವ್ಯಾನಿನವನೇ ಪತ್ರ ತರುತ್ತಾನೆ, ಒಯ್ಯುತ್ತಾನೆ.

ಅಡುಗೆಯವರು ಒಳ್ಳೆಯವರು, ಬಾಯಿ ಮಾತ್ರ ಜೋರು. ಇಷ್ಟು ದಿನ ಎಂಟು ಜನಕ್ಕೆ ಬೇಯಿಸುತ್ತಿದ್ದವರು ಈ ವಾರದಿಂದ ಇಪ್ಪತ್ತು ಜನಕ್ಕೆ ಬೇಯಿಸಬೇಕಂತೆ. "ನನಗೇನು ನಾಲ್ಕು ಕೈ ಇದ್ಯಾ?" ಅಂತ ಪಾತ್ರೆಗಳ ಹತ್ತಿರ ಜಗಳ ಆಡುತ್ತಿರುತ್ತಾರೆ.

ಅಪ್ಪಾ, ನಿನ್ನ ಹೊಲಿಗೆ ಅಂಗಡಿಯ ಮಾಲೀಕರು ಮತ್ತೆ ಬಂದಿದ್ದರಾ? ಮಾರುವುದಾದರೆ ಮೊದಲು ನಿನಗೇ ಎಂದಿದ್ದರಲ್ಲ, ಆ ಮಾತು ನಿಂತಿದೆಯಾ? ಬರೆ.

ನಿನ್ನ ಮಗಳು


ಅಂಗಡಿ, ಮಾರ್ಚ್ 19

ಮಗಳೇ,

ಪತ್ರ ಬಂದಾಗ ಔಷಧಿ ಅಂಗಡಿಯವರು ಪ್ಯಾಂಟು ಹಿಡಿದುಕೊಂಡು ಬಂದು ಕೂತಿದ್ದರು. ಪ್ಯಾಂಟಿಗೆ ಏನಾಗಿತ್ತು ಎನ್ನುವುದು ಅವರಿಗೂ ನನಗೂ ಬಿಟ್ಟ ವಿಷಯ. ಬೇಕರಿ ಅಕ್ಕ ಸಂಜೆಯ ಬನ್ನು ಕೊಡಲು ಬಂದಿದ್ದಳು. ಗುಂಡಿಯ ಕಾಜಾ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಲಕೋಟೆ ಬಿಡಿಸಿ ಎಲ್ಲರಿಗೂ ಕೇಳುವ ಹಾಗೆ ಓದಿದೆ. ಒಬ್ಬನೇ ಓದಿದರೆ ನಿನ್ನ ಪತ್ರ ಬೇಗ ಮುಗಿದುಹೋಗುತ್ತದೆ.

ಅಡುಗೆಯವರ ಸಾಲು ಬಂದ ಕೂಡಲೇ ಔಷಧಿ ಅಂಗಡಿಯವರು ಎದ್ದು ನಿಂತರು. "ಏನು? ಇನ್ನೊಂದ್ಸಲ ಓದಿ. ಇಪ್ಪತ್ತು ಜನಕ್ಕಾ? ಸುಮ್ಮನೆ ಯಾರಾದ್ರೂ ಹನ್ನೆರಡು ಜನಕ್ಕೆ ಹೆಚ್ಚಿಗೆ ಊಟ ಹಾಕ್ತಾರೇನ್ರೀ? ಜನ ಸೇರಿಸ್ತಿದ್ದಾರೆ ಅಂದ್ರೆ ಸಿಕ್ಕಿದೆ ಅಂತಲೇ ಅರ್ಥ!" ನಿಂತ ನಿಲುವಿನಲ್ಲೇ ಫೋನಿನಲ್ಲಿ ನಿಮ್ಮ ಕಂಪನಿಯ ಷೇರು ತೆಗೆದುಕೊಂಡರು.

ಈಗ ನೀನು ಬೈಯುವ ವಿಷಯಕ್ಕೆ ಬರುತ್ತೇನೆ. ನಾನೂ ತೆಗೆದುಕೊಂಡೆ, ಅಂಗಡಿಗೆಂದು ಕೂಡಿಟ್ಟ ಹಣದಲ್ಲೇ. ಮಾಲೀಕರು ಬಂದಿದ್ದರು, ಮಾತು ನಿಂತಿದೆ. ಡಿಸೆಂಬರಿನೊಳಗೆ ಹಣ ಕೊಟ್ಟರೆ ಅಂಗಡಿ ನಮ್ಮದು, ಇಲ್ಲದಿದ್ದರೆ ಬೇರೆಯವರದು. ನಾವು ಕೂಡಿಟ್ಟದ್ದು ನಿನಗೆ ಗೊತ್ತೇ ಇದೆ, ಕೋಟು ಹೊಲಿಯಲು ಹೋಗಿ ಒಂದು ತೋಳಿಗೆ ಬಟ್ಟೆ ಕಡಿಮೆ ಬಿದ್ದ ಹಾಗಿದೆ. ಆ ಒಂದು ತೋಳಿನಷ್ಟು ಬೆಳೆದರೆ ಸಾಕು, ಮಾರಿ ಹಣ ಎತ್ತಿಕೊಂಡುಬಿಡುತ್ತೇನೆ. ಬೇರೆ ಯಾವುದೋ ಕಂಪನಿಯಾದರೆ ನಾನು ಮುಟ್ಟುತ್ತಿರಲಿಲ್ಲ. ನನ್ನ ಮಗಳು ಇರುವ ಕಂಪನಿ. ನಿನ್ನ ಕಿಟಕಿಯ ಹತ್ತಿರ ನನ್ನದೂ ಒಂದು ತುಂಡು ನೆಲ ಇದೆ ಎಂದು ತಿಳಿದುಕೋ.

ನಿಮ್ಮಮ್ಮ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಅಂದ್ರೆ ಇದೇ" ಅಂದಳು. ಕುಲಾವಿ ಹೊಲಿಯುವುದು ನನ್ನ ಕಸುಬು ತಾನೇ ಅಂದೆ. ಅವಳಿಗೆ ನಗು ಬರಲಿಲ್ಲ.

ನಿನ್ನ ಅಪ್ಪ


ಕ್ಯಾಂಪು, ಏಪ್ರಿಲ್ 2

ಅಪ್ಪಾ,

ಬೈಯುತ್ತೇನೆ ಎಂದು ಗೊತ್ತಿದ್ದೂ ಮಾಡಿದ್ದೀಯಲ್ಲ, ನಿನಗೆ ಏನು ಹೇಳಲಿ?

ಆ ಹನ್ನೆರಡು ಜನ ನಮ್ಮವರೇ ಅಲ್ಲ. ಪಕ್ಕದ ಕಂಪನಿಯ ಅಡುಗೆಯವನು ಜಗಳ ಆಡಿ ರಾತ್ರೋರಾತ್ರಿ ಓಡಿಹೋದ. ಇನ್ನೊಬ್ಬ ಸಿಗುವವರೆಗೆ ಅವರ ಕೆಲಸಗಾರರಿಗೆ ನಮ್ಮಲ್ಲಿ ಊಟ. ಅಷ್ಟೇ. ಇದಕ್ಕೂ ನೆಲದ ಕೆಳಗಿರುವುದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ.

ನಾನು ಓದಿದ ಪುಸ್ತಕದಲ್ಲೇ ಇರುವ ಮಾತು ಹೇಳುತ್ತೇನೆ, ಇದು ಗುಟ್ಟಲ್ಲ. ಇಂಥ ಕಂಪನಿಗೆ ಇನ್ನೂ ಸಂಪಾದನೆ ಅಂತ ಏನೂ ಇರುವುದಿಲ್ಲ. ಗುತ್ತಿಗೆಯ ನೆಲ, ಬಾಡಿಗೆಯ ಯಂತ್ರ, ನಮ್ಮಂಥ ನಾಲ್ಕು ಜನ. ನಿಮ್ಮಂಥವರು ಕೊಟ್ಟ ಹಣದಲ್ಲಿ ಕೊರೆಯುತ್ತಾರೆ. ನೂರು ಕಂಪನಿ ಕೊರೆದರೆ ಗಣಿಯಾಗುವುದು ಒಂದೋ ಎರಡೋ. ದೊಡ್ಡವರಿಗೆ ಸಿಕ್ಕಿತು ಎಂದರೆ ಪಕ್ಕದವರಿಗೂ ಸಿಗಬೇಕೆಂದಿಲ್ಲ. ಕಪ್ಪಗಿರೋದೆಲ್ಲ ಕಲ್ಲಿದ್ದಲಲ್ಲ ಅಪ್ಪಾ.

ಕಳೆದುಕೊಂಡರೆ ನಡೆಯುತ್ತದೆ ಎನ್ನುವಷ್ಟನ್ನು ಮಾತ್ರ ಇಂಥದ್ದರಲ್ಲಿ ಹಾಕಬೇಕು. ಅಂಗಡಿ ಅಂಥದ್ದಲ್ಲ.

ಇನ್ನೊಂದು ಮಾತು. ದಯವಿಟ್ಟು ನನ್ನ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡ.

ನಿನ್ನ ಮಗಳು


ಅಂಗಡಿ, ಏಪ್ರಿಲ್ 20

ಮಗಳೇ,

ಗಟ್ಟಿಯಾಗಿ ಓದಬೇಡ ಎಂಬ ಸಾಲು ಕೊನೆಯಲ್ಲಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಓದಿ ಆಗಿತ್ತು.

ಅಡುಗೆಯವನು ಓಡಿಹೋದದ್ದು ತಿಳಿದರೆ ಔಷಧಿ ಅಂಗಡಿಯವರ ಉತ್ಸಾಹ ಇಳಿಯುತ್ತದೆ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿಕೊಂಡು ಯೋಚಿಸಿ, "ಎರಡು ಕಂಪನಿಯವ್ರು ಒಂದೇ ಒಲೆಯಲ್ಲಿ ಉಣ್ತಿದ್ದಾರೆ ಅಂದ್ರೆ ಏನರ್ಥ? ಎರಡೂ ಒಂದಾಗ್ತಿವೆ!" ಅಂದರು. ಇನ್ನಷ್ಟು ತೆಗೆದುಕೊಂಡರು. ಗಾರೆ ಮೇಸ್ತ್ರಿ ತೆಗೆದುಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ನಗುತ್ತೇನೆ, ಆದರೆ ಬೆಲೆ ಏರಿದೆ. ನಮ್ಮ ಬೀದಿಯಿಂದಲ್ಲ, ಗುಡ್ಡದ ಸುದ್ದಿಯಿಂದ ಎಲ್ಲ ಸಣ್ಣ ಕಂಪನಿಗಳದ್ದೂ ಏರುತ್ತಿದೆಯಂತೆ. ಅರ್ಧ ತೋಳು ಆಗಿದೆ. ಇನ್ನರ್ಧ ಆಗಲಿ, ಆ ದಿನವೇ ಮಾರುತ್ತೇನೆ. ನೀನು ಹೇಳಿದ್ದೆಲ್ಲ ಸರಿ. ನಾನು ಅಷ್ಟು ದಡ್ಡನಲ್ಲ. ಆದರೆ ಈ ಅಂಗಡಿಯಲ್ಲಿ ಕೂತು ಕೂತು ನೆಲದ ಹಾಸುಗಲ್ಲು ನನ್ನ ಕಾಲಿನ ಆಕಾರಕ್ಕೆ ಸವೆದಿದೆ. ಇದನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಗುತ್ತದೆ ಎಂದುಕೊಂಡರೆ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತ ಕೂರುತ್ತೇನೆ.

ನಿನ್ನ ಅಪ್ಪ

ಪುಟ್ಟೀ, ಇವರಿಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನೀನು ಊಟ ಸರಿಯಾಗಿ ಮಾಡು. — ಅಮ್ಮ


ಕ್ಯಾಂಪು, ಜೂನ್ 8

ಅಪ್ಪಾ, ಅಮ್ಮಾ,

ನಾನು ಚೆನ್ನಾಗಿದ್ದೇನೆ. ಬರೆಯುವುದು ತಡವಾಯಿತು. ಇಲ್ಲಿ ತುಂಬ ಬಿಸಿಲು. ಬೆಳಿಗ್ಗೆಯೇ ತಗಡು ಕಾಯುತ್ತದೆ. ಸಂಜೆ ಸ್ವಲ್ಪ ಗಾಳಿ ಬರುತ್ತದೆ. ಊಟ ಚೆನ್ನಾಗಿದೆ. ನಿದ್ದೆ ಚೆನ್ನಾಗಿ ಬರುತ್ತದೆ. ಎಲ್ಲರೂ ಒಳ್ಳೆಯವರು. ನೀವೂ ಬಿಸಿಲಿನಲ್ಲಿ ಓಡಾಡಬೇಡಿ.

ನಿಮ್ಮ ಮಗಳು


ಅಂಗಡಿ, ಜೂನ್ 21

ಮಗಳೇ,

ಪತ್ರ ಬಂತು. ಬಿಸಿಲು ಜಾಸ್ತಿ ಎಂದು ತಿಳಿಯಿತು. ಇದರ ಜೊತೆ ಒಂದು ಬಟ್ಟೆ ಟೋಪಿ ಕಳಿಸಿದ್ದೇನೆ. ಹೆಲ್ಮೆಟ್ಟಿನ ಒಳಗೂ ಹಾಕಿಕೊಳ್ಳಬಹುದು, ಕತ್ತಿನ ಹಿಂದೆ ಇಳಿಬಿಟ್ಟಿದ್ದೇನೆ. ಒಳಗಿನ ಬಟ್ಟೆ ಹಳೆಯದು, ಮೆತ್ತಗಿದೆ, ಬೆವರು ಹೀರುತ್ತದೆ.

ಇಲ್ಲಿ ವಿಶೇಷವೇನೂ ಇಲ್ಲ. ಶಾಲೆ ಸಮವಸ್ತ್ರದ ಕಾಲ, ರಾತ್ರಿಯವರೆಗೂ ಮಿಷನ್ನು ನಿಲ್ಲುವುದಿಲ್ಲ. ನಿಮ್ಮಮ್ಮ ಗುಂಡಿ ಹೊಲಿಯುತ್ತಾಳೆ. ಯಾಕೋ ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಗುಂಡಿ ಮಾತ್ರ ಗಟ್ಟಿಯಾಗಿ ಹೊಲಿಯುತ್ತಿದ್ದಾಳೆ.

ಪತ್ರ ಚಿಕ್ಕದಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಎಷ್ಟು ಬರೆಯಬಹುದೋ ಅಷ್ಟು ಬರೆದಿದ್ದೀಯ.

ನಿನ್ನ ಅಪ್ಪ


ಕ್ಯಾಂಪು, ಜುಲೈ 5

ಅಪ್ಪಾ,

ಟೋಪಿ ಸರಿಯಾಗಿ ಕೂತಿದೆ. ಅಳತೆ ಕೊಡದೆ ಹೊಲಿದದ್ದು ಎಂದರೆ ಇಲ್ಲಿ ಯಾರೂ ನಂಬುತ್ತಿಲ್ಲ.

ಅಂಗಡಿಯ ವಿಷಯ ಯೋಚಿಸುತ್ತಿದ್ದೆ. ಡಿಸೆಂಬರಿನವರೆಗೆ ಯಾಕೆ ಕಾಯಬೇಕು? ಇರುವಷ್ಟನ್ನು ಈಗಲೇ ಕೈಗೆ ತೆಗೆದುಕೊಂಡು ಮಾಲೀಕರಿಗೆ ಕೊಟ್ಟು, ಉಳಿದದ್ದಕ್ಕೆ ಕಂತು ಕೇಳಬಹುದಲ್ಲ? ಅವರು ಒಳ್ಳೆಯವರು, ಇಲ್ಲ ಅನ್ನಲಾರರು. ಇದನ್ನು ಮಗಳಾಗಿ ಕೇಳುತ್ತಿದ್ದೇನೆ, ಬೇರೆ ಯಾವ ಅರ್ಥವೂ ಇಲ್ಲ. ಅಮ್ಮನ ಹತ್ತಿರ ಮಾತಾಡು. ಆದರೆ ಈ ವಾರವೇ ಮಾತಾಡು.

ನಿನಗೆ ಸರಿಯಾಗಿ ತಿಳಿಯಲಿಲ್ಲ ಅನ್ನಿಸಿದರೆ ಹೇಳು. ಮುಂದಿನ ಪತ್ರದಲ್ಲಿ ಇನ್ನೂ ಬಿಡಿಸಿ ಬರೆಯುತ್ತೇನೆ. ಏನಾದರೂ ಆಗಲಿ, ಬರೆಯುತ್ತೇನೆ.

ನಿನ್ನ ಮಗಳು


ಅಂಗಡಿ, ಜುಲೈ 17

ಮಗಳೇ,

ಬಿಡಿಸಿ ಬರೆಯಬೇಡ.

ನಿನಗೆ ಚಿಕ್ಕಂದಿನಿಂದ ಗೊತ್ತಿರುವ ಮಾತೇ, ಆದರೂ ಹೇಳುತ್ತೇನೆ. ಈ ಬೀದಿಯ ಅರ್ಧ ಜನರ ಮೈ ಅಳತೆ ನನ್ನ ತಲೆಯಲ್ಲಿದೆ. ಯಾರ ಹೊಟ್ಟೆ ಬಂದಿದೆ, ಯಾರ ಒಂದು ಭುಜ ತಗ್ಗು, ಕಾಯಿಲೆಯಿಂದ ಯಾರು ಇಳಿದುಹೋಗಿದ್ದಾರೆ, ಅವರ ಮನೆಯವರಿಗಿಂತ ಮೊದಲು ಟೇಪಿಗೆ ತಿಳಿಯುತ್ತದೆ. ಮದುವೆ ಮಾತು ನಡೆಯುವಾಗ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಬಂದು ಬಾಯಿ ಬಿಡಿಸಲು ನೋಡಿದ್ದಾರೆ. ನಾನು ಆಡಿಲ್ಲ. ಆಡಿದ್ದರೆ ಮಾರನೇ ದಿನದಿಂದ ನನ್ನ ಮುಂದೆ ಯಾರು ಕೈ ಎತ್ತಿ ನಿಲ್ಲುತ್ತಿದ್ದರು?

ನಿನಗೂ ಈಗ ಒಂದು ಕಸುಬಿದೆ. ಮೊದಲ ಕೆಲಸ, ಮೊದಲ ಮಾತು. ಕೊಟ್ಟ ಮೇಲೆ ಮುಗಿಯಿತು. ಅಪ್ಪನಿಗೆಂದು ಒಂದು ಸಲ ಮುರಿದರೆ ಆಮೇಲೆ ಪ್ರತಿ ಸಲ ಮುರಿಯಲೂ ಯಾರೋ ಒಬ್ಬ ಅಪ್ಪ ಸಿಗುತ್ತಾನೆ.

ಅಂಗಡಿಯ ಯೋಚನೆ ನನಗೆ ಬಿಡು. ಮಾಲೀಕರಿಗೆ ಅವಸರವಿಲ್ಲ, ನನಗೂ ಇಲ್ಲ. ಬೇಕರಿ ಅಕ್ಕ ಯಾಕೋ ನನ್ನ ಮೇಲೆ ಮುನಿಸಿಕೊಂಡು ಬನ್ನು ಕೊಡುವುದು ನಿಲ್ಲಿಸಿದ್ದಾಳೆ, ಸದ್ಯಕ್ಕೆ ನನ್ನ ಕಷ್ಟ ಅದೊಂದೇ. ನಿಮ್ಮಮ್ಮ ಮಾತಾಡುತ್ತಿದ್ದಾಳೆ.

ನಿನ್ನ ಅಪ್ಪ


ಮನೆ, ಸೆಪ್ಟೆಂಬರ್ 12

ಪುಟ್ಟೀ,

ನಾನು ಪತ್ರ ಬರೆಯುವವಳಲ್ಲ. ನಿಮ್ಮಪ್ಪ ದಾರ ತರಲು ಹೋಗಿದ್ದಾರೆ, ಬರುವುದರೊಳಗೆ ಮುಗಿಸಬೇಕು.

ನಿಮ್ಮ ಕಂಪನಿ ಮೊನ್ನೆ ಹೇಳಿಕೆ ಕೊಟ್ಟಿತಲ್ಲ, ನಮ್ಮ ನೆಲದಲ್ಲಿ ಗಣಿ ಮಾಡುವಷ್ಟು ಸರಕಿಲ್ಲ, ಕೊರೆಯುವುದು ನಿಲ್ಲಿಸಿದ್ದೇವೆ ಎಂದು. ಸಂಜೆಯೊಳಗೆ ಷೇರು ನೆಲ ಕಚ್ಚಿತು. ಅಂಗಡಿಗೆ ಇಟ್ಟದ್ದರಲ್ಲಿ ಉಳಿದಿರುವುದು ಬಾಗಿಲಿಗೆ ಬಣ್ಣ ಹೊಡೆಸಲೂ ಸಾಲದು. ನಿಮ್ಮಪ್ಪನೇ ಮಾಲೀಕರ ಮನೆಗೆ ಹೋಗಿ, ಬೇರೆಯವರಿಗೆ ಕೊಡಿ ಎಂದು ಹೇಳಿ ಬಂದರು. ಈ ತಿಂಗಳ ಕೊನೆಗೆ ಬಿಡಬೇಕು.

ನೀನು ಈಗ ಮೂಲೆಯಲ್ಲಿ ಕೂತು, ಅಪ್ಪನಿಗೆ ಮೊದಲೇ ಹೇಳಿದ್ದರೆ ಅಂಗಡಿ ಉಳಿಯುತ್ತಿತ್ತು ಎಂದು ಅಳುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಜೂನಿನಲ್ಲೇ ಗೊತ್ತಾಗಿತ್ತು.

ನಿನ್ನ ಬಿಸಿಲಿನ ಪತ್ರ ಬಂದ ದಿನ ಎಂದಿನಂತೆ ಎಲ್ಲರ ಮುಂದೆ ಲಕೋಟೆ ಬಿಡಿಸಿದರಂತೆ. ಇಷ್ಟು ಚಿಕ್ಕ ಪತ್ರ ಓದಿದರೆ ಜನ ಏನೆಂದುಕೊಳ್ಳುತ್ತಾರೋ ಎಂದು, ಇಲ್ಲದ ನಾಲ್ಕು ಸಾಲು ಸೇರಿಸಿ ಓದಿದರಂತೆ. ಹೊಸ ಬೂಟು ಕೊಂಡಿದ್ದೀಯ, ಗಟ್ಟಿಮುಟ್ಟಾಗಿವೆ, ಹೀಗೆ ಏನೇನೋ. ರಾತ್ರಿ ಮನೆಗೆ ಬಂದು ಪತ್ರ ನನ್ನ ಕೈಗೆ ಕೊಟ್ಟು, "ಹೋಯ್ತು ಕಣೇ" ಅಂದರು.

"ಏನು ಹೋಯ್ತು?"

"ಗುಡ್ಡ."

"ಬಿಸಿಲು ಬಿಟ್ಟು ಇದ್ರಲ್ಲಿ ಏನೂ ಇಲ್ವಲ್ಲ!"

"ಅದೇ ಹೇಳ್ತಿರೋದು. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು. ನಮ್ಮ ಹುಡುಗಿ ಯಾರನ್ನೂ ಆಡಿಕೊಳ್ಳದೆ ಯಾವತ್ತಾದ್ರೂ ನಾಲ್ಕು ಸಾಲು ಬರೆದಿದ್ದಾಳಾ?"

"ಹಾಗಾದ್ರೆ ನಾಳೆನೇ ಮಾರಿಬಿಡಿ."

"ಮಗಳ ಪತ್ರ ಬಂದ ಮಾರನೇ ದಿನ ಅಪ್ಪ ಮಾರಿದ ಅಂದ್ರೆ, ಮಗಳು ಹೇಳಿದಳು ಅಂತಲೇ ಆಗುತ್ತೆ. ಅವಳು ನನಗೂ ಹೇಳಲಿಲ್ಲ ಕಣೇ. ಆ ಹುಡುಗಿ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದನ್ನ ನಾನು ಬೀದಿಗೆ ಹಾಕ್ಲಾ?"

ಮೂರು ದಿನ ಮಾತು ಬಿಟ್ಟೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಇಲ್ಲದ ಬೂಟಿನ ಮಾತು ಕೇಳಿ ಬೇಕರಿ ಅಕ್ಕ, ಹೊಸ ಬೂಟು ಕೊಂಡಿದ್ದಾಳೆ ಎಂದರೆ ಗಣಿ ಶುರುವಾಗುತ್ತದೆ ಎಂದುಕೊಂಡು, ಒಲೆ ಬದಲಿಸಲು ಇಟ್ಟಿದ್ದ ಹಣ ಹಾಕಿದ್ದಳು. ನಿಮ್ಮಪ್ಪನಿಗೆ ಅದು ತಿಳಿದ ದಿನ ಊಟ ಸೇರಲಿಲ್ಲ. ಮಾರು ಎಂದರೆ ಯಾಕೆ ಅನ್ನುತ್ತಾಳೆ. ಕೊನೆಗೆ ಅವಳ ಹತ್ತಿರ ಹೋಗಿ, ನನಗೆ ಇನ್ನಷ್ಟು ಷೇರು ಬೇಕು, ನಿನ್ನದು ಕೊಟ್ಟುಬಿಡು ಎಂದು ಪೀಡಿಸಿ, ಸಮವಸ್ತ್ರ ಹೊಲಿದು ಬಂದ ದುಡ್ಡಿನಲ್ಲಿ ಅವಳು ಕೊಟ್ಟದ್ದಕ್ಕಿಂತ ಒಂದಿಷ್ಟು ಹೆಚ್ಚೇ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಂಡರು. "ಬಡವಿಯ ಅದೃಷ್ಟಕ್ಕೂ ಕೈ ಹಾಕ್ತೀರಲ್ಲ, ಎಷ್ಟು ಆಸೆ ನಿಮಗೆ!" ಅಂತ ಅವಳು ಬೀದಿಯಲ್ಲೇ ಬೈದಳು. ನಿಮ್ಮಪ್ಪ ತಲೆ ತಗ್ಗಿಸಿಕೊಂಡು ಬಂದರು. ಮೊನ್ನೆ ಸುದ್ದಿ ಬಂದ ಮೇಲೆ ಅವಳು ನಮ್ಮ ಮನೆಗೆ ಬಂದು ಬಾಗಿಲಲ್ಲೇ ಕೂತು ಅತ್ತಳು.

ನನಗೆ ಅಂಗಡಿ ಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ. ಆ ಮನುಷ್ಯನ ಮೇಲೆ ಸಿಟ್ಟೂ ಬರುತ್ತದೆ. ಆದರೆ ಇದು ನಿನಗೆ ತಿಳಿಯದೆ ಇರಬಾರದು. ನಾನು ಬರೆದೆ ಎಂದು ಹೇಳಬೇಡ. ಬೇಕಾದರೆ ಹೇಳು.

ಅಮ್ಮ


ಕ್ಯಾಂಪು, ಸೆಪ್ಟೆಂಬರ್ 25

ಅಪ್ಪಾ,

ಅಮ್ಮ ಬರೆದಿದ್ದಾಳೆ. ಅವಳ ಮೇಲೆ ರೇಗಬೇಡ.

ಈಗ ಹೇಳಬಹುದು, ಹೇಳುತ್ತೇನೆ. ಗುಡ್ಡದ ಕೆಳಗಿನ ಕಲ್ಲಿದ್ದಲಿನ ಪದರ ನಮ್ಮ ನೆಲಕ್ಕೆ ಬರುವಷ್ಟರಲ್ಲಿ ತೆಳ್ಳಗಾಗುತ್ತದೆ, ನಡುನಡುವೆ ಕಲ್ಲು ಸೇರಿಕೊಂಡಿದೆ. ಸುಟ್ಟರೆ ಅರ್ಧಕ್ಕರ್ಧ ಬೂದಿ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ತಟ್ಟೆಯಲ್ಲಿ ಜೋಡಿಸುತ್ತ ಜೋಡಿಸುತ್ತ ನನಗೆ ತಿಳಿಯಿತು. ಮುಂದಿನ ಕೊರೆಬಾವಿಯಲ್ಲಿ ಸರಿಹೋಗುತ್ತದೇನೋ ಎಂದು ನಮ್ಮ ಮ್ಯಾನೇಜರು ಕೊರೆಸುತ್ತಲೇ ಇದ್ದರು. ಪ್ರತಿ ಬಾವಿಗೂ ನಾನು ನಿನ್ನ ಅಂಗಡಿಗಾಗಿ ಬೇಡಿಕೊಂಡೆ. ನಾಚಿಕೆಯಾಗುತ್ತದೆ, ಕಲ್ಲು ಓದಿದವಳು ಕಲ್ಲಿಗೆ ಕೈ ಮುಗಿದೆ.

ಜೂನಿನ ಪತ್ರವನ್ನು ಬರೆದು ಹರಿದು, ಬರೆದು ಹರಿದು, ಕೊನೆಗೆ ಯಾರು ಎಷ್ಟು ಹುಡುಕಿದರೂ ಏನೂ ಸಿಗದ ಹಾಗೆ ಮಾಡಿದೆ ಎಂದುಕೊಂಡಿದ್ದೆ.

ಅಪ್ಪಾ, ನಿನ್ನ ಮೇಲೆ ನನಗೆ ಕೆಟ್ಟ ಕೋಪ ಬಂತು. ಮಾರಬೇಕಿತ್ತು. ನನ್ನ ಮಾತಿಗೆ ನಿನ್ನ ಅಂಗಡಿಯನ್ನು ಯಾಕೆ ಕೊಟ್ಟೆ? ನಾನು ಕೇಳಿದ್ದೆನಾ? ನನ್ನ ಕೆಲಸ ಹೋದರೆ ಇನ್ನೊಂದು ಸಿಗುತ್ತಿತ್ತು. ನಿನಗೆ ಆ ಅಂಗಡಿ ಎಲ್ಲಿ ಸಿಗುತ್ತದೆ? ಮೊಂಡ ನೀನು, ಹಟಮಾರಿ. ಒಂದು ಸಲ ಕತ್ತರಿ ಇಟ್ಟೆ ಎಂದರೆ ಬಟ್ಟೆ ತಪ್ಪಿದರೂ ಕತ್ತರಿಸಿಯೇ ತೀರುವವನು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಅಡುಗೆಯವರು, "ಉಪ್ಪು ಹೆಚ್ಚಾಗಿದ್ರೆ ಬಾಯಿಬಿಟ್ಟು ಹೇಳಮ್ಮ" ಅಂದಾಗ ಅಳು ಬಂತು.

ಈ ತಟ್ಟೆಗಳನ್ನೆಲ್ಲ ಗೋದಾಮಿಗೆ ಒಪ್ಪಿಸುವವರೆಗೆ ನಾನು ಇರಬೇಕು. ಆಮೇಲೆ ಮನೆಗೆ ಬರುತ್ತೇನೆ. ಮ್ಯಾನೇಜರು ಇನ್ನೊಂದು ಕಡೆ ಕೆಲಸಕ್ಕೆ ನನ್ನ ಹೆಸರು ಹೇಳಿದ್ದಾರಂತೆ. ಬಾಯಿ ಗಟ್ಟಿ ಇರುವ ಹುಡುಗಿ ಎಂದು ಹೇಳಿದರಂತೆ.

ನಿನ್ನ ಮಗಳು


ಮನೆ, ಅಕ್ಟೋಬರ್ 9

ಮಗಳೇ,

ಅಂಗಡಿ ಬಿಟ್ಟದ್ದಾಯಿತು. ಮಿಷನ್ನು ಮನೆಯ ಮುಂದಿನ ಕೋಣೆಗೆ ಬಂದಿದೆ. ಬಾಗಿಲು ಕಿರಿದು, ಕಾಲು ಬಿಚ್ಚಿ ಒಳಗೆ ತರಬೇಕಾಯಿತು. ಔಷಧಿ ಅಂಗಡಿಯವರು ಇಸ್ತ್ರಿಪೆಟ್ಟಿಗೆ ಹೊತ್ತು ತಂದರು. ಅವರು ಇಂಥ ಆರು ಕಂಪನಿಗಳಲ್ಲಿ ಚೂರು ಚೂರು ಹಾಕಿದ್ದರಂತೆ, ಐದರಲ್ಲಿ ಹೋದದ್ದು ಆರನೆಯದರಲ್ಲಿ ಬಂತಂತೆ. ಈಗ ಇನ್ನೆಲ್ಲೋ ತಾಮ್ರ ಸಿಕ್ಕಿದೆ ಎನ್ನುತ್ತಿದ್ದಾರೆ. ಬೇಕರಿ ಅಕ್ಕ ಹಣ ವಾಪಸು ತಂದಳು, ನಾನು ತೆಗೆದುಕೊಳ್ಳಲಿಲ್ಲ. ಇಲ್ಲದ ಬೂಟು ಮಾರಿದವನು ನಾನು. ಅವಳು ಹೊಸ ಒಲೆ ಹಾಕಿಸಿದ್ದಾಳೆ.

ಅಂಗಡಿ ಹೋಯಿತೆಂದು ದುಃಖವಿಲ್ಲ ಎಂದರೆ ಸುಳ್ಳು. ಇವತ್ತೂ ಬೆಳಿಗ್ಗೆ ಕಾಲು ಆ ಬೀದಿಗೇ ತಿರುಗಿತು. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬಂದೆ.

ನಿನ್ನ ಪತ್ರ ಬಂದಾಗ ಔಷಧಿ ಅಂಗಡಿಯವರು ಇಲ್ಲೇ ಇದ್ದರು. ಲಕೋಟೆ ದಪ್ಪಗಿರುವುದನ್ನು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. "ಓದ್ರೀ, ಈಗ ಗುಟ್ಟೇನಿಲ್ವಲ್ಲ" ಅಂದರು.

"ಗುಟ್ಟೇನೂ ಇಲ್ಲ. ಆದ್ರೆ ಇದು ನನಗೆ ಬರೆದಿರೋದು" ಅಂದೆ.

ಅವರು ಕುರ್ಚಿ ಹಿಂದಕ್ಕೆ ಸರಿಸಿ, ನಾಳೆ ಬರ್ತೀನಿ ಎಂದು ಹೋದರು. ಬಾಗಿಲು ಹಾಕಿ ನಾನೂ ನಿಮ್ಮಮ್ಮನೂ ಓದಿದೆವು. ಮೊಂಡ, ಹಟಮಾರಿ ಎಂದು ಬರೆದ ಜಾಗ ಬಂದಾಗ ನಿಮ್ಮಮ್ಮ, "ಇನ್ನೊಂದ್ಸಲ ಓದಿ" ಅಂದಳು. ಓದಿದೆ. ಮಾರ್ಚಿನಲ್ಲಿ ಹೋದ ಹುಡುಗಿಯ ದನಿ ಎಷ್ಟೋ ತಿಂಗಳಾದ ಮೇಲೆ ಮನೆಯಲ್ಲಿ ಕೇಳಿದ ಹಾಗಾಯಿತು. ನನಗೆ ತಡೆಯಲಾಗಲಿಲ್ಲ, ಕಣ್ಣು ತುಂಬಿತು.

ಅಂಗಡಿ ಯಾಕೆ ಕೊಟ್ಟೆ ಎಂದು ಕೇಳಿದ್ದೀಯ. ನಿನ್ನ ಕೋಪ ಇನ್ನೂ ಮುಗಿದಿಲ್ಲದಿದ್ದರೆ ಪತ್ರದಲ್ಲಿ ಖರ್ಚು ಮಾಡಬೇಡ. ಮನೆಗೆ ಬಾ, ಎದುರಿಗೆ ಕೂತು ಬೈ.

ನಿನ್ನ ಅಪ್ಪ